ಮೂರನೆಯ ಪ್ಲೇಟು

ನನ್ನ ಬಲ ಸೊಂಟದ ಮೂಳೆಯ ಮೇಲೆ ನಾಣ್ಯದಷ್ಟಗಲದ ಒಂದು ಕಪ್ಪು ಕಲೆಯಿದೆ. ಅಲ್ಲಿ ಚರ್ಮ ಜಡ್ಡುಗಟ್ಟಿದೆ, ಚಿವುಟಿದರೂ ನೋಯುವುದಿಲ್ಲ. ಕಬ್ಬಿಣ ಹೆರೆಯುವ ಸ್ಕ್ರೇಪರಿನ ಹಿಡಿ ದಿನಕ್ಕೆ ಸಾವಿರಾರು ಸಲ ಒತ್ತಿದ ಜಾಗ ಅದು. ಬೇರೆ ಯಾವುದೋ ಕಾರಣಕ್ಕೆ ಪರೀಕ್ಷಿಸುತ್ತಿದ್ದ ವೈದ್ಯರೊಬ್ಬರು ಅದನ್ನು ಕಂಡು "ಇದೇನು, ಎಲ್ಲಾದರೂ ಬಿದ್ದಿರಾ?" ಎಂದು ಕೇಳಿದರು. "ಇಲ್ಲ, ಎದ್ದ ಗುರುತು" ಎನ್ನುವ ಆಸೆಯಾಯಿತು. ಅಷ್ಟು ನಾಟಕ ಬೇಡವೆಂದು "ಕೆಲಸದ್ದು" ಎಂದು ಸುಮ್ಮನಾದೆ.

ಆ ಕೆಲಸಕ್ಕೆ ಸೇರಿದಾಗ ನನಗೆ 34 ವರ್ಷ. ಅದಕ್ಕೂ ಮೊದಲು ಒಂಬತ್ತು ವರ್ಷ ಒಂದು ಕಚೇರಿಯಲ್ಲಿ ಕಾಗದಪತ್ರ ನೋಡಿಕೊಳ್ಳುತ್ತಿದ್ದೆ. ನೋಡಿಕೊಳ್ಳುತ್ತಿದ್ದೆ ಎನ್ನುವುದು ದೊಡ್ಡ ಮಾತಾಯಿತು. ಮೇಲಿನವರು ಹೇಳಿದ್ದಕ್ಕೆಲ್ಲ ಕೋಲೆಬಸವನಂತೆ ತಲೆಯಾಡಿಸುವುದೇ ಕೆಲಸದ ಮುಕ್ಕಾಲು ಪಾಲು. ಲೆಕ್ಕ ತಪ್ಪಿದೆ ಎಂದು ಗೊತ್ತಿದ್ದೂ ಸಹಿ ಹಾಕಿದ ಹಾಳೆಗಳಿವೆ. ನನ್ನ ತಂದೆಯೂ ಹಾಗೆಯೇ ಬದುಕಿದವರು. ಎದುರು ಮಾತಾಡದಿರುವುದನ್ನು ನಮ್ಮ ಮನೆಯಲ್ಲಿ ಒಳ್ಳೆಯತನ ಎಂದೇ ಕರೆಯುತ್ತಿದ್ದರು.

ಕಚೇರಿ ಮುಚ್ಚಿತು. ಆಮೇಲಿನ ಮೂರು ತಿಂಗಳು ಬೇರೆ ಬೇರೆ ಬಾಗಿಲು ತಟ್ಟಿದೆ. ಒಂದು ಕಡೆ ನನಗಿಂತ ಹತ್ತು ವರ್ಷ ಚಿಕ್ಕವನಾದ ಹುಡುಗನೊಬ್ಬ ನನ್ನ ಅರ್ಜಿಯನ್ನು ತಿರುವಿ ಹಾಕಿ, ಕೊಂಕಿಲ್ಲದ ದನಿಯಲ್ಲಿ, "ಸರ್, ನಿಮಗೆ ಏನು ಬರುತ್ತದೆ?" ಎಂದು ಕೇಳಿದ. ಒಂಬತ್ತು ವರ್ಷ ಮಾಡಿದ್ದನ್ನು ವಿವರಿಸಲು ಬಾಯಿ ತೆರೆದೆ. ವಿವರಿಸುವುದಕ್ಕೆ ಏನೂ ಇರಲಿಲ್ಲ. ಆ ಪ್ರಶ್ನೆಯ ಮುಂದೆ ಕುಳಿತ ಅರ್ಧ ನಿಮಿಷವನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಕೊನೆಗೆ ಸಿಕ್ಕಿದ್ದು ಹಳೆಯ ಲೇತು, ಮಿಲ್ಲಿಂಗ್ ಯಂತ್ರ, ಗ್ರೈಂಡಿಂಗ್ ಯಂತ್ರಗಳನ್ನು ರಿಪೇರಿ ಮಾಡುವ ಒಂದು ವರ್ಕ್‌ಶಾಪಿನಲ್ಲಿ ಹೆಲ್ಪರ್ ಕೆಲಸ. ಎಣ್ಣೆ ಒರೆಸು, ಪೆಟ್ಟಿಗೆ ಎತ್ತು, ಬೋಲ್ಟ್ ಆರಿಸಿ ಕೊಡು. ಇಪ್ಪತ್ತು ದಾಟದ ಹುಡುಗರು ನನಗೆ ಕೆಲಸ ಹೇಳುತ್ತಿದ್ದರು. ಅದು ಅವಮಾನವೆಂದು ಮೊದಮೊದಲು ಅನ್ನಿಸಿತು. ಆದರೆ ಅವರಿಗೆ ಕೆಲಸ ಬರುತ್ತಿತ್ತು, ನನಗೆ ಬರುತ್ತಿರಲಿಲ್ಲ. ಇದು ಸರಳ ಸಂಗತಿ ಎಂದು ಒಪ್ಪಿಕೊಳ್ಳುವುದಕ್ಕೆ ಒಂದೂವರೆ ತಿಂಗಳು ಹಿಡಿಯಿತು.

ಅಲ್ಲಿ ಒಬ್ಬ ಹಿರಿಯ ಮೇಸ್ತ್ರಿ ಇದ್ದರು. ಇಡೀ ಶಾಪಿನಲ್ಲಿ ಕೈಯಿಂದ ಸ್ಕ್ರೇಪಿಂಗ್ ಮಾಡುತ್ತಿದ್ದವರು ಅವರೊಬ್ಬರೇ. ಮಾತು ಕಡಿಮೆ, ಸಿಟ್ಟು ಬೇಗ. ಅವರ ಜತೆಗಿದ್ದ ಹುಡುಗ ಬಿಟ್ಟುಹೋದ. ಬೆನ್ನು ನೋವಿನ ಈ ಕೆಲಸ ಯಾರಿಗೂ ಬೇಡವಾಗಿದ್ದರಿಂದ ಅದು ನನ್ನ ಪಾಲಿಗೆ ಬಂತು. ಆರಿಸಿಕೊಂಡು ಹೋದೆ ಎಂದು ಹೇಳಿದರೆ ಸುಳ್ಳಾಗುತ್ತದೆ.

ಸ್ಕ್ರೇಪಿಂಗ್ ಎಂದರೆ ಹೆರೆಯುವುದು. ಬೀಡು ಕಬ್ಬಿಣದ ಮೈಯನ್ನು ಯಂತ್ರ ಎಷ್ಟೇ ಚೆನ್ನಾಗಿ ಕೆತ್ತಿದರೂ ಅದರಲ್ಲಿ ಕಣ್ಣಿಗೆ ಕಾಣದ ಉಬ್ಬುತಗ್ಗು ಉಳಿಯುತ್ತದೆ. ಅದನ್ನು ತೆಗೆಯಲು, ಸಮತಟ್ಟು ಎಂದು ನಂಬಲಾದ ಒಂದು ಮಾಸ್ಟರ್ ಪ್ಲೇಟಿಗೆ ಪ್ರಷ್ಯನ್ ಬ್ಲೂ ಎಂಬ ನೀಲಿ ಬಣ್ಣವನ್ನು ಒಂದೆರಡು ಮೈಕ್ರಾನ್ ದಪ್ಪಕ್ಕೆ ಸವರಬೇಕು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಹೆರೆಯಬೇಕಾದ ನಮ್ಮ ಪ್ಲೇಟನ್ನು ಅದರ ಮೇಲೆ ಮಗುಚಿ ಇಟ್ಟು, ತುಸು ಜರುಗಿಸಿ ಎತ್ತಿದರೆ ಎಲ್ಲೆಲ್ಲಿ ಉಬ್ಬಿದೆಯೋ ಅಲ್ಲಲ್ಲಿ ನೀಲಿ ಅಂಟಿರುತ್ತದೆ. ಆ ಕಲೆಗಳನ್ನು ಮಾತ್ರ ಸ್ಕ್ರೇಪರಿನಿಂದ ಹೆರೆಯಬೇಕು. ಒಂದು ಸಲ ತಳ್ಳಿದರೆ ಎದ್ದು ಬರುವುದು ಎರಡರಿಂದ ಐದು ಮೈಕ್ರಾನ್. ಒರೆಸಬೇಕು, ಮತ್ತೆ ನೀಲಿ, ಮತ್ತೆ ಇಡು, ಎತ್ತು, ಹೆರೆ. ಪ್ರತಿ ಸುತ್ತಿಗೂ ಹೆರೆಯುವ ದಿಕ್ಕನ್ನು ಅಡ್ಡಡ್ಡ ಬದಲಿಸಬೇಕು, ಇಲ್ಲವಾದರೆ ಹಳೆಯ ಗೀರಿನ ಮೇಲೆಯೇ ಅಲಗು ಕುಣಿಯುತ್ತದೆ. ಮೊದಲು ಮೂರೋ ನಾಲ್ಕೋ ದೊಡ್ಡ ಕಲೆಗಳಿರುತ್ತವೆ. ಅವು ಒಡೆದು ಹತ್ತಾಗಿ, ಐವತ್ತಾಗಿ, ಕೊನೆಗೆ 25 ಮಿಲಿಮೀಟರ್ ಚೌಕದೊಳಗೆ ಇಪ್ಪತ್ತಕ್ಕಿಂತ ಹೆಚ್ಚು ಚುಕ್ಕೆಗಳು ಸಮನಾಗಿ ಹರಡಿದರೆ ಕೆಲಸ ಮುಗಿಯಿತು.

ಹೇಳುವುದಕ್ಕೆ ಇಷ್ಟೇ. ನನ್ನ ಪ್ಲೇಟು 300 ಮಿಲಿಮೀಟರ್ ಚೌಕ, 50 ದಪ್ಪ, ತೂಕ ಸುಮಾರು 32 ಕಿಲೊ. ದಿನಕ್ಕೆ ಮೂವತ್ತು ನಲವತ್ತು ಸಲ ಅದನ್ನು ಎತ್ತಿ ಮಗುಚಬೇಕು, ಅದೂ ಮಲಗಿದ ಮಗುವನ್ನು ಎತ್ತಿದಷ್ಟು ಮೆತ್ತಗೆ. ಹೆರೆಯುವ ಬಲ ತೋಳಿನದಲ್ಲ, ಸೊಂಟದ್ದು. ಮೊದಲ ವಾರ ರಾತ್ರಿ ಬಲಮಗ್ಗುಲಲ್ಲಿ ಮಲಗಲಾಗಲಿಲ್ಲ. ಬೀಡಿನ ಕರಿಧೂಳು ಉಗುರಿನ ಸಂದಿಯಲ್ಲಿ, ಮೂಗಿನಲ್ಲಿ; ಸೀನಿದರೆ ಕರವಸ್ತ್ರ ಕಪ್ಪು. ನೀಲಿಯಂತೂ ಎಲ್ಲಿಗೆ ಹತ್ತುತ್ತದೆ ಎಂದು ಹೇಳಲು ಬರುವುದಿಲ್ಲ. ಮಗನ ಪಠ್ಯಪುಸ್ತಕದ ಪುಟಗಳ ಮೇಲೆ ನನ್ನ ಹೆಬ್ಬೆಟ್ಟಿನ ಗುರುತುಗಳು ಈಗಲೂ ಇವೆ.

ಮೇಸ್ತ್ರಿಗಳು ಕಲಿಸುತ್ತಿದ್ದ ರೀತಿ ವಿಚಿತ್ರ. ಏನು ಮಾಡಬೇಕೆಂದು ಒಂದು ಸಲ ತೋರಿಸುವರು. ತಪ್ಪಿದರೆ, ಎಲ್ಲಿ ತಪ್ಪಿತು ಎಂದು ಹೇಳದೆ ಹೋಗಿಬಿಡುವರು. ಒಂದು ಮಧ್ಯಾಹ್ನ ಸಿಟ್ಟಿನಲ್ಲಿ ಅಲಗನ್ನು ಒತ್ತಿ ಒಂದು ಕುಳಿ ತೋಡಿಬಿಟ್ಟೆ. ಕುಳಿಯನ್ನು ತುಂಬಿಸುವ ವಿದ್ಯೆ ಈ ಕಸುಬಿನಲ್ಲಿಲ್ಲ. ಉಳಿದ ಇಡೀ ಮೈಯನ್ನು ಅದರ ಮಟ್ಟಕ್ಕೆ ಇಳಿಸಬೇಕು. ಒಂದು ಕ್ಷಣದ ಸಿಟ್ಟಿಗೆ ಹನ್ನೊಂದು ದಿನದ ಹೆರೆತ ತೆತ್ತೆ.

ಇನ್ನೊಮ್ಮೆ ಪ್ಲೇಟಿನ ಒಂದು ಮೂಲೆಯಲ್ಲಿ ಮಾತ್ರ ನೀಲಿ ಬರುತ್ತಿತ್ತು. ಹೆರೆದೆ, ಮತ್ತೆ ಅಲ್ಲೇ ಬಂತು. ಮತ್ತೆ ಹೆರೆದೆ. ಅರ್ಧ ದಿನವಾದ ಮೇಲೆ ಬಟ್ಟೆ ಬದಿಗಿಟ್ಟು ಬರಿ ಅಂಗೈಯಿಂದ ಮಾಸ್ಟರ್ ಪ್ಲೇಟನ್ನು ಸವರಿದೆ. ಕಣ್ಣಿಗೆ ಕಾಣದ ಒಂದು ನೂಲಿನೆಳೆ ಬೆರಳಿಗೆ ಸಿಕ್ಕಿತು. ಅದನ್ನು ಅಲ್ಲಿ ಬಿಟ್ಟದ್ದು ನಾನು ಒರೆಸುತ್ತಿದ್ದ ಬಟ್ಟೆಯೇ. ಬೆರಳ ತುದಿಯಲ್ಲಿ ಅದನ್ನು ಹಿಡಿದು ಮೇಸ್ತ್ರಿಗಳತ್ತ ನೋಡಿದೆ. ಅವರು ಆಗಲೇ ನೋಡುತ್ತಿದ್ದರು. ಅರ್ಧ ದಿನದಿಂದ ಅವರಿಗೆ ಗೊತ್ತಿತ್ತು ಎಂದು ಅರ್ಥವಾಗಿ ಮೈ ಉರಿಯಿತು. "ಹೇಳಿದ್ದರೆ ಇವತ್ತಿಗೆ ಮಾತ್ರ ಆಗುತ್ತಿತ್ತು" ಎಂದರು. ಈ ಬಗೆಯ ಗುರುತನವನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಹನ್ನೊಂದು ದಿನದ ಕುಳಿಯನ್ನು ಒಂದು ಮಾತಿನಲ್ಲಿ ತಪ್ಪಿಸಬಹುದಿತ್ತು. ಆದರೆ ಅಂದಿನಿಂದ ಪ್ಲೇಟನ್ನು ಬಟ್ಟೆಯಿಂದ ಒರೆಸಿ ಬಿಟ್ಟದ್ದೇ ಇಲ್ಲ, ಕೊನೆಯ ಕೈ ಅಂಗೈಯದೇ.

ಏಳನೆಯ ತಿಂಗಳಲ್ಲಿ ನನ್ನ ಮೊದಲ ಪ್ಲೇಟು ಮುಗಿಯಿತು. ಮಾಸ್ಟರ್ ಪ್ಲೇಟಿನ ಮೇಲಿಟ್ಟು ಎತ್ತಿದರೆ ಮೈತುಂಬ ನೀಲಿ ಚುಕ್ಕೆಗಳು, ಪ್ರತಿ ಚುಕ್ಕೆಯ ನಡುವೆ ಉಜ್ಜಿ ಹೊಳೆಯುವ ಒಂದು ಸಣ್ಣ ಬಿಂದು. ಸೂಪರ್‌ವೈಸರ್ ಬಂದು ಚೌಕಟ್ಟು ಇಟ್ಟು ಎಣಿಸಿ "ಇಪ್ಪತ್ತನಾಲ್ಕು. ಭೇಷ್!" ಎಂದರು. ಮನೆಗೆ ಹೋಗಿ ಹೆಂಡತಿಗೆ ಆ ಒಂದು ಪದವನ್ನು ಎರಡು ಸಲ ಹೇಳಿದೆ. ಆ ದಿನ ನನಗೆ ಬೆಲೆ ಬಂತು ಎಂದುಕೊಂಡೆ. ಬಂದಿರಲಿಲ್ಲ. ಕಚೇರಿಯಲ್ಲಿ ಕೂಡ ಇಂಥ ಭೇಷ್‌ಗಳಿಂದಲೇ ಒಂಬತ್ತು ವರ್ಷ ದಬ್ಬಿದ್ದೆ.

ಎರಡನೆಯ ಪ್ಲೇಟು ಮೂರೇ ತಿಂಗಳಲ್ಲಿ ಆಯಿತು. ಅದೂ ಮಾಸ್ಟರಿಗೆ ಅಚ್ಚುಕಟ್ಟಾಗಿ ಕೂಡಿತು. ಬೆಂಚಿನ ಮೇಲೆ ಜಾಗವಿಲ್ಲದೆ ಒಂದು ಸಂಜೆ ಅದನ್ನು ಮೊದಲನೆಯದರ ಮೇಲೆ ಮಗುಚಿಟ್ಟೆ. ಮೂಲೆ ಸರಿಮಾಡಲು ಒಂದು ಬೆರಳಿನಿಂದ ತಳ್ಳಿದೆ. ಮೇಲಿನ ಪ್ಲೇಟು ಬುಗುರಿಯಂತೆ ನಡುಬಿಂದುವಿನ ಮೇಲೆ ತಿರುಗಿತು.

ಇದರ ಅರ್ಥ ಈ ಕೆಲಸ ಗೊತ್ತಿಲ್ಲದವರಿಗೆ ಆಗಲಿಕ್ಕಿಲ್ಲ. ಸಮತಟ್ಟಾದ ಎರಡು ಪ್ಲೇಟುಗಳನ್ನು ಒಂದರ ಮೇಲೊಂದಿಟ್ಟು ಮೂಲೆಯಲ್ಲಿ ತಳ್ಳಿದರೆ ಮೇಲಿನದು ನಡುವಿನಲ್ಲಿ ತಿರುಗುವುದಿಲ್ಲ. ತುದಿಯಿಂದ ಉದ್ದದ ಶೇಕಡಾ 30ರಷ್ಟು ಒಳಗೆ, ಬಾಗಿಲು ಕೀಲಿನ ಮೇಲೆ ತಿರುಗುವಂತೆ ತಿರುಗುತ್ತದೆ. ನಡುವಿನಲ್ಲೇ ಗಿರಗಿರನೆ ತಿರುಗಿದರೆ ಅಲ್ಲಿ ಉಬ್ಬಿದೆ ಎಂದರ್ಥ. ಎರಡಕ್ಕೂ ನೀಲಿ ಹಚ್ಚಿ ನೋಡಿದೆ. ನಡುವೆ ಅಂಗೈಯಷ್ಟು ಜಾಗದಲ್ಲಿ ಮಾತ್ರ ನೀಲಿ. ನಾಲ್ಕೂ ಮೂಲೆ ಬೋಳು.

ಮೊದಲಿಗೆ ಬಂದ ಯೋಚನೆ: ನಾನು ಎಲ್ಲೋ ಕೆಡಿಸಿದ್ದೇನೆ. ಏನೇ ಎಡವಟ್ಟಾದರೂ ತಪ್ಪು ನನ್ನದೇ ಎಂದುಕೊಳ್ಳುವುದು ನನಗೆ ಉಸಿರಾಟದಷ್ಟು ಸಲೀಸು. ಅದು ವಿನಯವಲ್ಲ, ಸೋಮಾರಿತನ. ಹಾಗೆಂದುಕೊಂಡುಬಿಟ್ಟರೆ ಮುಂದೆ ಯೋಚಿಸಬೇಕಾಗಿಲ್ಲ. ಆದರೆ ಅಂದು ರಾತ್ರಿ ನಿದ್ದೆ ಬರಲಿಲ್ಲ. ಮೊದಲನೆಯದು ಮಾಸ್ಟರಿಗೆ ಕೂಡುತ್ತದೆ. ಎರಡನೆಯದೂ ಮಾಸ್ಟರಿಗೆ ಕೂಡುತ್ತದೆ. ಮಾಸ್ಟರ್ ಸಮತಟ್ಟಾಗಿದ್ದರೆ ಇವೆರಡೂ ಸಮತಟ್ಟು, ಒಂದಕ್ಕೊಂದು ಕೂಡಲೇಬೇಕು. ಕೂಡುತ್ತಿಲ್ಲ. ಹಾಗಾದರೆ... ವಾಕ್ಯ ಮುಗಿಸಲು ಹೆದರಿಕೆಯಾಯಿತು. ಮಾಸ್ಟರ್ ನಡುವೆ ತಗ್ಗಾಗಿದ್ದರೆ, ಅದಕ್ಕೆ ಕೂಡುವಂತೆ ಹೆರೆದ ನನ್ನ ಎರಡೂ ಪ್ಲೇಟುಗಳು ನಡುವೆ ಉಬ್ಬಿರಬೇಕು. ಎರಡು ಉಬ್ಬು ಎದುರಾದಾಗ ತಪ್ಪು ಇಮ್ಮಡಿಯಾಗಿ ಕಾಣುತ್ತದೆ. ಅಪ್ಪಟ ನೇರ ಲೆಕ್ಕ. ಎಷ್ಟು ಸಲ ತಿರುವಿ ಹಾಕಿದರೂ ಅದೇ ಉತ್ತರ.

ಮರುದಿನ ಸೂಪರ್‌ವೈಸರಿಗೆ ಹೇಳಿದೆ. ಹುಡುಗರೆಲ್ಲ ಸೇರಿದರು. ಪ್ಲೇಟು ಎತ್ತಿ ತಂದು ತೋರಿಸಿದೆ, ಅದು ತಿರುಗಿತು. ಸೂಪರ್‌ವೈಸರ್ ಅದರ ಮೈಮೇಲೆ ಕೈಯಿಟ್ಟು "ಕಿಟಕಿಯ ಬಿಸಿಲಿನಲ್ಲಿ ಇಟ್ಟಿದ್ದೀರಿ. ಮೇಲುಮೈ ಕಾದು ಉಬ್ಬಿದೆ" ಎಂದರು. ಎಲ್ಲರೂ ನಕ್ಕರು. ನನಗೆ ಉತ್ತರ ಗೊತ್ತಿರಲಿಲ್ಲ. ಅವರ ಮಾತಿನಲ್ಲಿ ಹುರುಳಿತ್ತು ಕೂಡ: ನನ್ನ ಅಳತೆಯ ಪ್ಲೇಟಿನಲ್ಲಿ ಮೇಲುಮೈ ತಳಕ್ಕಿಂತ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೂ ನಡು ಎರಡು ಮೈಕ್ರಾನಿಗಿಂತ ಹೆಚ್ಚು ಉಬ್ಬುತ್ತದೆ. ಇದನ್ನು ಆಮೇಲೆ ನಾನೇ ಲೆಕ್ಕ ಹಾಕಿ ನೋಡಿದೆ. "ಅಲ್ಲದೆ ಮಾಸ್ಟರಿಗೆ ಸರ್ಟಿಫಿಕೇಟ್ ಇದೆಯಲ್ಲ?" ಎಂದರು.

"ಹೌದು ಸರ್" ಎಂದೆ.

ಆ ಎರಡು ಪದಗಳನ್ನು ನಾನು ಆಡಲಿಲ್ಲ, ಒಂಬತ್ತು ವರ್ಷದ ರೂಢಿ ಆಡಿತು. ಬಾಯಿಂದ ಹೊರಬಿದ್ದ ಮೇಲೆ ಕೇಳಿಸಿಕೊಂಡೆ. ಕಚೇರಿಯ ಆ ಹಾಳೆಗಳು ಕಣ್ಣ ಮುಂದೆ ಬಂದವು. ಜನರು ನಕ್ಕದ್ದು ಅಷ್ಟು ನೋಯಲಿಲ್ಲ, ಇದು ನೋಯಿತು.

ಆದರೆ ಒಂದು ವ್ಯತ್ಯಾಸವಿತ್ತು. ಕಚೇರಿಯಲ್ಲಿ ಯಾರದು ಸರಿ ಎಂದು ತೀರ್ಮಾನಿಸಲು ಇನ್ನೊಬ್ಬ ಮೇಲಿನವನು ಬೇಕಿತ್ತು. ಇಲ್ಲಿ ಕಬ್ಬಿಣವನ್ನೇ ಕೇಳಬಹುದಿತ್ತು. ಬಿಸಿಲು ಕಾರಣವಾಗಿದ್ದರೆ ತಣ್ಣಗಾದ ಮೇಲೆ ತಿರುಗಬಾರದು. ಅಂದು ಸಂಜೆ ಎರಡೂ ಪ್ಲೇಟುಗಳನ್ನು ಕಿಟಕಿಯಿಂದ ದೂರ ಒಯ್ದು ನೆಲದ ಮೇಲೆ ಮೂರು ಮೂರು ಆಧಾರಗಳ ಮೇಲಿಟ್ಟೆ. ನಾಲ್ಕು ಕಾಲಿನ ಮೇಲಿಟ್ಟರೆ ನೆಲದ ಓರೆಗೆ ತಕ್ಕಂತೆ ಪ್ಲೇಟು ತಿರುಚಿಕೊಳ್ಳುತ್ತದೆ; ಮೂರಿದ್ದರೆ ಆ ಭಯವಿಲ್ಲ. ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಯಾರೂ ಬರುವ ಮುನ್ನ ಕೈಗವಸು ಹಾಕಿ ಒಂದನ್ನು ಇನ್ನೊಂದರ ಮೇಲಿಟ್ಟು ತಳ್ಳಿದೆ. ತಿರುಗಿತು.

ಆಮೇಲೆ ಕಚೇರಿ ಕೋಣೆಗೆ ಹೋಗಿ, ಗೋಡೆಗೆ ನೇತುಹಾಕಿದ್ದ ಆ ಸರ್ಟಿಫಿಕೇಟನ್ನು ಮೊದಲ ಬಾರಿ ಓದಿದೆ. ಎಲ್ಲರೂ ಅದರ ಹೆಸರು ಹೇಳುತ್ತಿದ್ದರು, ಓದಿದವರು ಯಾರೂ ಇದ್ದಂತಿರಲಿಲ್ಲ. ಪ್ಲೇಟು ಹೊಸದಾಗಿದ್ದಾಗ ಕೊಟ್ಟದ್ದು. ಹತ್ತೊಂಬತ್ತು ವರ್ಷ ಹಳೆಯದು. ಹತ್ತೊಂಬತ್ತು ವರ್ಷ ಪ್ರತಿಯೊಬ್ಬರೂ ತಮ್ಮ ಕೆಲಸವನ್ನು ಅದರ ನಡುವಿನಲ್ಲೇ ಇಟ್ಟು ಉಜ್ಜಿದ್ದರು.

ಇದನ್ನು ಸೂಪರ್‌ವೈಸರಿಗೆ ಮತ್ತೆ ಹೇಳುವ ಧೈರ್ಯ ನನಗಾಗಲಿಲ್ಲ. ಮೇಸ್ತ್ರಿಗಳಿಗೆ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆ ಮಾಸ್ಟರನ್ನು ನಂಬಿ ಹತ್ತೊಂಬತ್ತು ವರ್ಷ ಹೆರೆದವರು ಅವರೇ ಎಂಬುದು ನನಗೆ ತಡವಾಗಿ ಹೊಳೆಯಿತು. ಕೊನೆಗೆ "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ಇದು ಅನುಮಾನ ಮಾತ್ರ, ಪ್ರಮಾಣವಲ್ಲ. ಮಾಸ್ಟರಿಲ್ಲದೆ ಸಮತಟ್ಟು ಮಾಡಲು ಬರುತ್ತದೇನಪ್ಪ?" ಎಂದರು. ಬರುವುದಿಲ್ಲವೆಂದು ತಲೆಯಲ್ಲಾಡಿಸಿದೆ. ಅವರು ಗುಜರಿ ರಾಶಿಯಿಂದ ಅದೇ ಅಳತೆಯ ತುಕ್ಕು ಹಿಡಿದ ಒಂದು ಪ್ಲೇಟನ್ನು ತೋರಿಸಿ "ಎರಡು ಸಾಲದು, ಮೂರು ಬೇಕು" ಎಂದು ಹೊರಟುಹೋದರು. ಎಂದಿನಂತೆ, ಅಷ್ಟೇ.

ಮೂರು ಏಕೆ ಎಂದು ಎರಡು ದಿನ ತಲೆ ಕೆಡಿಸಿಕೊಂಡೆ. ಎರಡನ್ನು ಒಂದಕ್ಕೊಂದು ಹೊಂದಿಸಿದರೆ ಒಂದು ಉಬ್ಬಿ ಇನ್ನೊಂದು ತಗ್ಗಾಗಿಯೂ ಸೊಗಸಾಗಿ ಕೂಡಬಹುದು, ಮಡಕೆಯ ಮೇಲೆ ಮಡಕೆ ಕೂತಂತೆ. ಎರಡು ಒಪ್ಪಿದವು ಎಂದ ಮಾತ್ರಕ್ಕೆ ಎರಡೂ ಸರಿ ಎಂದಲ್ಲ. ಮೂರನೆಯದು ಬಂದರೆ ಈ ಆಟ ನಡೆಯುವುದಿಲ್ಲ. ಮೊದಲನೆಯದು ಉಬ್ಬಿದ್ದರೆ ಅದಕ್ಕೆ ಕೂಡಲು ಎರಡನೆಯದು, ಮೂರನೆಯದು ಎರಡೂ ತಗ್ಗಾಗಬೇಕು. ಆಗ ಎರಡನೆಯದೂ ಮೂರನೆಯದೂ ಒಂದಕ್ಕೊಂದು ಕೂಡುವುದಿಲ್ಲ. ಮೂರೂ ಜೋಡಿ ಕೂಡಬೇಕಾದರೆ ಉಬ್ಬುತಗ್ಗು ಮೂರರಲ್ಲೂ ಸೊನ್ನೆಯಾಗಬೇಕು. ಇದು ಹೊಳೆದಾಗ ಬಸ್ಸಿನಲ್ಲಿದ್ದೆ. ಇಳಿಯಬೇಕಾದ ನಿಲ್ದಾಣ ದಾಟಿ ಹೋಯಿತು.

ಹೊಸದನ್ನು ಕಂಡುಹಿಡಿದೆ ಎಂದು ಒಂದು ವಾರ ಒಳಗೊಳಗೇ ಬೀಗಿದ್ದೂ ಉಂಟು. ಆಮೇಲೆ ಓದಿದಾಗ ಗೊತ್ತಾಯಿತು, ಇಂಗ್ಲೆಂಡಿನ ಎಂಜಿನಿಯರ್ ಜೋಸೆಫ್ ವಿಟ್‌ವರ್ತ್ 1840ರಲ್ಲಿ ಗ್ಲಾಸ್ಗೋದಲ್ಲಿ ನಡೆದ ಬ್ರಿಟಿಷ್ ಅಸೋಸಿಯೇಷನ್ ಎಂಬ ವಿಜ್ಞಾನ ಸಂಘದ ಸಭೆಯಲ್ಲೇ ಇದರ ಬಗ್ಗೆ ಪ್ರಬಂಧ ಮಂಡಿಸಿದ್ದ. ಅದಕ್ಕೂ ಮೊದಲು ಲಂಡನ್ನಿನಲ್ಲಿ ಹೆನ್ರಿ ಮಾಡ್ಸ್‌ಲಿಯ ಕಾರ್ಖಾನೆಯಲ್ಲಿ ಕೂಲಿಗೆ ದುಡಿದವನು ಅವನು. ಆ ಕಾಲದಲ್ಲಿ ಪ್ಲೇಟುಗಳನ್ನು ಎಮೆರಿ ಪುಡಿ ಹಾಕಿ ಒಂದಕ್ಕೊಂದು ತಿಕ್ಕುತ್ತಿದ್ದರು. ಪುಡಿ ಎಲ್ಲೆಡೆ ಒಂದೇ ಸಮ ನಿಲ್ಲುವುದಿಲ್ಲ, ಹೆರೆದರೆ ಬೇಕಾದಲ್ಲಿ ಮಾತ್ರ ತೆಗೆಯಬಹುದು ಎಂಬುದು ಅವನ ವಾದ. ನನಗಿಂತ ನೂರೆಪ್ಪತ್ತು ವರ್ಷಕ್ಕೂ ಹಿಂದೆ ಇನ್ನೊಬ್ಬ ಯೋಚಿಸಿದ್ದ ಎಂದು ತಿಳಿದಾಗ ಬೇಸರವಾಗಬೇಕಿತ್ತು. ಆಗಲಿಲ್ಲ. ಅದೇ ದಾರಿಯಲ್ಲಿ ನಾನೂ ನನ್ನ ಕಾಲಲ್ಲೇ ನಡೆದು ಬಂದಿದ್ದೆನಲ್ಲ.

ಕೆಲಸದ ಹೊತ್ತಿನಲ್ಲಿ ಇದಕ್ಕೆ ಅವಕಾಶವಿರಲಿಲ್ಲ. ಪಾಳಿ ಮುಗಿದ ಮೇಲೆ ಎರಡು ಗಂಟೆ, ಸಂಬಳವಿಲ್ಲದೆ. ಮನೆಯಲ್ಲಿ ಸಹಜವಾಗಿಯೇ ಜಗಳವಾಯಿತು. "ಆ ಪ್ಲೇಟು ತಗ್ಗಾಗಿದ್ದರೆ ನಿಮಗೇನು ನಷ್ಟ? ಯಾರಾದರೂ ಕೇಳಿದರಾ?" ಎಂದಳು ಹೆಂಡತಿ. ಯಾರೂ ಕೇಳಿರಲಿಲ್ಲ. ಅಳತೆ ಹೋಲಿಸಿ ನೋಡುವ ಗೇಜ್ ಬ್ಲಾಕು ಎಂಬ ಉಕ್ಕಿನ ತುಂಡುಗಳನ್ನು ಮಾಡಿ 1901ರಲ್ಲಿ ಪೇಟೆಂಟ್ ಪಡೆದ ಸ್ವೀಡನ್ನಿನ ಕಾರ್ಲ್ ಎಡ್ವರ್ಡ್ ಯೋಹಾನ್ಸನ್, ಹೆಂಡತಿಯ ಹೊಲಿಗೆ ಯಂತ್ರವನ್ನೇ ಮಾರ್ಪಡಿಸಿ ಮನೆಯಲ್ಲಿ ಬ್ಲಾಕುಗಳನ್ನು ಉಜ್ಜುತ್ತಿದ್ದ ಕಥೆಯನ್ನು ಹೇಳಿ ಸಮಾಧಾನ ಮಾಡಲು ನೋಡಿದೆ. "ಪುಣ್ಯ, ನಮ್ಮ ಮನೆಯಲ್ಲಿ ಹೊಲಿಗೆ ಯಂತ್ರವಿಲ್ಲ" ಎಂದಳು. ಆದರೆ ಮರುದಿನದಿಂದ ತಡವಾಗಿ ಬಂದಾಗ ಬಾಗಿಲು ತೆಗೆಯುತ್ತ "ಎಷ್ಟಾಯಿತು?" ಎಂದು ಕೇಳತೊಡಗಿದಳು.

ಆರು ವಾರ ಹೋಯಿತು. ಮೊದಲನೆಯದಕ್ಕೆ ಉಳಿದ ಎರಡನ್ನೂ ಹೊಂದಿಸು. ಆ ಎರಡನ್ನು ಎದುರುಬದುರಾಗಿಟ್ಟು, ಕಂಡ ತಪ್ಪನ್ನು ಅರ್ಧ ಇದರಲ್ಲಿ ಅರ್ಧ ಅದರಲ್ಲಿ ಹೆರೆ. ಈಗ ಎರಡನೆಯದನ್ನು ಹಿಡಿದು ಮೊದಲನೆಯದನ್ನು ತಿದ್ದು. ಮತ್ತೆ ಸುತ್ತು. ಯಾವುದನ್ನೂ ಹೆಚ್ಚು ಹೊತ್ತು ಯಜಮಾನ ಮಾಡಬಾರದು. ಕೆಲವು ರಾತ್ರಿ ನಾನೇ ತಪ್ಪಿದ್ದರೆ ಎಂಬ ಭಯ ಹೊಟ್ಟೆಯಲ್ಲಿ ಕಲ್ಲಿನಂತೆ ಕೂರುತ್ತಿತ್ತು. ಒಂಟಿಯಾಗಿ ಯೋಚಿಸುವುದು ಎಂದರೆ ಎದೆ ಸೆಟೆಸಿ ನಿಲ್ಲುವುದು ಎಂದು ಹೊರಗಿನವರಿಗೆ ಅನ್ನಿಸೀತು. ನನಗಂತೂ ಬಹುಪಾಲು ಅದು ಹೊಟ್ಟೆ ನೋವಾಗಿತ್ತು.

ಒಂದು ಸಂಜೆ ಮೂರೂ ಜೋಡಿ ಕೂಡಿದವು. ಹಿಂದುಮುಂದು ತಿರುಗಿಸಿ ಇಟ್ಟರೂ ಕೂಡಿದವು. ಓಡಿಹೋಗಿ ಮೇಸ್ತ್ರಿಗಳನ್ನು ಕರೆತಂದೆ. ಅವರು ಚುಕ್ಕೆಗಳನ್ನು ಎಣಿಸಲೂ ಇಲ್ಲ. ಮೇಲಿನ ಪ್ಲೇಟನ್ನು ಎತ್ತಿ, ಕಾಲು ಸುತ್ತು, ಅಂದರೆ 90 ಡಿಗ್ರಿ, ತಿರುಗಿಸಿ ಇಟ್ಟರು. ಒಂದು ಮೂಲೆಯ ಮೇಲೆ ಬೆರಳಿಟ್ಟರು. ಟಕ್. ಎದುರು ಮೂಲೆ ಒತ್ತಿದರು. ಟಕ್.

ಪ್ಲೇಟು ಅಲ್ಲಾಡುತ್ತಿತ್ತು. ಕರ್ಣದ ಎರಡು ಮೂಲೆಗಳು ಮಾತ್ರ ತಾಗುತ್ತಿದ್ದವು. ಮೂರು ಪ್ಲೇಟುಗಳೂ ಒಂದೇ ಬಗೆಯಲ್ಲಿ ತಿರುಚಿಕೊಂಡಿದ್ದವು: ಎರಡು ಎದುರು ಮೂಲೆ ಮೇಲಕ್ಕೆ, ಇನ್ನೆರಡು ಕೆಳಕ್ಕೆ. ಉಬ್ಬನ್ನು ಮೂರನೆಯ ಪ್ಲೇಟು ಹಿಡಿದುಕೊಡುತ್ತದೆ, ಆದರೆ ಇಂಥ ತಿರುಚು ಮೂರರಲ್ಲೂ ಒಂದೇ ಇದ್ದರೆ ಅವು ಪರಸ್ಪರ ಸುಖವಾಗಿ ಕೂಡುತ್ತವೆ. ಅರ್ಧ ಸುತ್ತು ತಿರುಗಿಸಿದರೂ ಗೊತ್ತಾಗುವುದಿಲ್ಲ. ಕಾಲು ಸುತ್ತು ತಿರುಗಿಸಿದಾಗ ಮಾತ್ರ ಬಯಲಾಗುತ್ತದೆ.

ಆ ಕ್ಷಣದಲ್ಲಿ ನಾನು ಕುಸಿಯಬೇಕಿತ್ತು. ಹಳೆಯ ನಾನಾಗಿದ್ದರೆ ಸ್ಕ್ರೇಪರನ್ನು ಒಪ್ಪಿಸಿ, ನನ್ನ ಯೋಗ್ಯತೆ ಇಷ್ಟೇ ಎಂದು ಮನೆಗೆ ಹೋಗುತ್ತಿದ್ದೆ. ಅಂದು ನಾನು ಮಾಡಿದ್ದು, ಮೇಸ್ತ್ರಿಗಳ ಕೈಯಿಂದ ಪ್ಲೇಟನ್ನು ಹೆಚ್ಚುಕಡಿಮೆ ಕಿತ್ತುಕೊಂಡು ಅದೇ ಟಕ್ ಅನ್ನು ನಾನೇ ಮತ್ತೆ ನೋಡಿದ್ದು. ಏಕೆ ಹೀಗೆ, ಯಾವ ಮೂಲೆ, ಎಷ್ಟು. ಅವಮಾನ ಆಗುವುದಕ್ಕೆ ಪುರುಸೊತ್ತೇ ಇರಲಿಲ್ಲ. ಬಹಳ ದಿನಗಳ ಮೇಲೆ ಹಿಂತಿರುಗಿ ನೋಡಿದಾಗ, ನನಗೆ ನನ್ನ ಮೇಲೆ ಗೌರವ ಹುಟ್ಟಿದ ದಿನ ಯಾವುದು ಎಂದರೆ ಅದನ್ನೇ ಹೇಳಬೇಕು. ಭೇಷ್ ಎನಿಸಿಕೊಂಡ ದಿನವಲ್ಲ, ತಪ್ಪು ಸಿಕ್ಕಿಬಿದ್ದ ದಿನ. ಮೇಸ್ತ್ರಿಗಳು ಆ ಸಂಜೆ ಮೊದಲ ಬಾರಿಗೆ ಹೊರಟುಹೋಗದೆ ಪಕ್ಕದ ಸ್ಟೂಲಿನ ಮೇಲೆ ಕುಳಿತರು.

ಇನ್ನೂ ಹದಿನಾರು ದಿನ ಬೇಕಾಯಿತು. ಈ ಸಲ ಕಾಲು ಸುತ್ತಿನಲ್ಲೂ ಮೂರೂ ಕೂಡಿದವು. ಒಂದು ರಾತ್ರಿ ತಣ್ಣಗಾಗಲು ಬಿಟ್ಟು, ಬೆಳಿಗ್ಗೆ ಮೂರನೆಯ ಪ್ಲೇಟಿಗೆ, ಗುಜರಿಯಿಂದ ಬಂದ ಅದಕ್ಕೆ, ನೀಲಿ ಹಚ್ಚಿದೆ. ಮಾಸ್ಟರ್ ಪ್ಲೇಟು ದೊಡ್ಡದು, ಮಗುಚಲು ಬರುವುದಿಲ್ಲ. ಅದರ ನಡುವಿನ ಮೇಲೆ ನನ್ನ ಪ್ಲೇಟನ್ನು ಇಳಿಸಿ, ತುಸು ಜರುಗಿಸಿ ಎತ್ತಿದೆವು. ಸೂಪರ್‌ವೈಸರನ್ನು ಮೇಸ್ತ್ರಿಗಳೇ ಕರೆದಿದ್ದರು. ಮಾಸ್ಟರಿನ ಮೇಲೆ ನನ್ನ ಪ್ಲೇಟಿನ ನಾಲ್ಕು ಅಂಚಿನಷ್ಟಕ್ಕೆ ನೀಲಿಯ ಚೌಕಟ್ಟು ಮೂಡಿತ್ತು. ಒಳಗೆ ಒಂದು ಚುಕ್ಕೆಯೂ ಇರಲಿಲ್ಲ. ಬರಿಯ ಬೂದುಬಣ್ಣದ ಕಬ್ಬಿಣ.

ಸೂಪರ್‌ವೈಸರ್ ಬಗ್ಗಿ ಬಹಳ ಹೊತ್ತು ನೋಡಿದರು. "ಬಿಸಿಲು?" ಎಂದರು. "ನಿನ್ನೆ ಸಂಜೆಯಿಂದ ಎರಡೂ ಇಲ್ಲೇ ಇವೆ, ಸರ್" ಎಂದೆ. ಅವರು ಅಂಗೈಯಿಂದ ಎರಡನ್ನೂ ಮುಟ್ಟಿ ನೋಡಿದರು. ಮುಟ್ಟಿ ನೋಡಿದ್ದು ನನಗೆ ಇಷ್ಟವಾಯಿತು. ನನ್ನ ಮಾತನ್ನು ಸುಮ್ಮನೆ ಒಪ್ಪಿದ್ದರೆ ಅಷ್ಟು ಸಂತೋಷವಾಗುತ್ತಿರಲಿಲ್ಲವೇನೋ.

ಮಾಸ್ಟರನ್ನು ಪರೀಕ್ಷೆಗೆ ಕಳುಹಿಸಿದರು. ನಡುವೆ ಒಂಬತ್ತು ಮೈಕ್ರಾನ್ ತಗ್ಗು ಎಂದು ವರದಿ ಬಂತು. ಕಡತದಲ್ಲಿ "ವಾಡಿಕೆಯ ಪರೀಕ್ಷೆಯಲ್ಲಿ ಕಂಡುಬಂದಿದೆ" ಎಂದು ಬರೆದರು. ನನ್ನ ಹೆಸರಿರಲಿಲ್ಲ. ಬೇಸರವಾಗಲಿಲ್ಲ ಎಂದರೆ ಬೂಟಾಟಿಕೆ; ಒಂದು ವಾರ ಆಯಿತು. ಆಮೇಲೆ ಮರೆತೆ. ಸಂಬಳ ಒಂದಿಷ್ಟು ಏರಿದ್ದು ಮರುವರ್ಷ, ಅದೂ ಬೇರೆ ಕಾರಣಕ್ಕೆ.

ಮೇಸ್ತ್ರಿಗಳು ನಿವೃತ್ತರಾಗಿ ಆರು ವರ್ಷವಾಯಿತು. ಆ ಮೂರು ಪ್ಲೇಟುಗಳು ಈಗ ಶಾಪಿನ ಮಾಸ್ಟರುಗಳು. ಮರದ ಮುಚ್ಚಳದಡಿ ಇರುತ್ತವೆ. ವರ್ಷಕ್ಕೊಮ್ಮೆ ಒಂದು ರಾತ್ರಿ ತಣ್ಣಗೆ ಬಿಟ್ಟು, ಮೂರನ್ನೂ ಜೋಡಿ ಜೋಡಿಯಾಗಿ ನೋಡುತ್ತೇನೆ, ಕಾಲು ಸುತ್ತು ತಿರುಗಿಸಿಯೂ ನೋಡುತ್ತೇನೆ. ಹೋದ ವರ್ಷ ಮೂರನೆಯದನ್ನು ಎರಡನೆಯದರ ಮೇಲಿಟ್ಟು ಮೂಲೆ ತಳ್ಳಿದಾಗ ಕೈಗೆ ಏನೋ ಬೇರೆಯಾಗಿ ತಾಗಿತು. ಅಂಚುಗಳಲ್ಲಿ ಸಣ್ಣ ಬಿಗಿ. ನೀಲಿ ಹಚ್ಚಿದೆ. ಮೂರನೆಯದು ನಡುವೆ ತಗ್ಗಾಗಿತ್ತು, ಎರಡು ಮೈಕ್ರಾನಿನಷ್ಟು. ನಾನು ಎಲ್ಲಕ್ಕೂ ಅದನ್ನೇ ಬಳಸುತ್ತಿದ್ದೆ. ಗುಜರಿಯಿಂದ ಎತ್ತಿ ತಂದದ್ದು, ನಾನು ಮಾಡಿದ್ದು ಎಂಬ ಪ್ರೀತಿಗೆ. ಜತೆಗಿದ್ದ ಹುಡುಗ "ಎರಡೇ ಮೈಕ್ರಾನ್ ಅಲ್ಲವಾ ಅಣ್ಣ, ಇದು ನಿಮ್ಮ ಪ್ಲೇಟು" ಎಂದ.

ಪ್ಲೇಟನ್ನು ಮಗುಚಿ ಬೆಂಚಿನ ಮೇಲಿಟ್ಟು, ಅಲಗು ಮಸೆಯಲು ಕಲ್ಲು ಕೇಳಿದೆ.